ಹೋಂಡಾ ಎಸ್2000 ಮತ್ತು ಪೋರ್ಷೆ ಬಾಕ್ಸ್‌ಸ್ಟರ್: ಚಾಲನಾ ಗುಣಗಳ ಹೋಲಿಕೆ

ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿನಲ್ಲಿ ಒಂದೇ ಬಗೆಯ ಕೊಳ್ಳುಗರ ಮೇಲೆ ಕಣ್ಣಿಟ್ಟು ಮಾರುಕಟ್ಟೆಗೆ ಬಂದ ಎರಡು ಕ್ರೀಡಾ ರೋಡ್‌ಸ್ಟರ್ ಕಾರುಗಳು. ಎಸ್2000 ಜಪಾನಿನದು, 1999ರಿಂದ 2009ರವರೆಗೆ ತಯಾರಾಯಿತು. ಬಾಕ್ಸ್‌ಸ್ಟರ್ ಜರ್ಮನಿಯದು. ಅದರ ಮೊದಲ ತಲೆಮಾರು 1996ರಿಂದ 2004ರ ತನಕ ನಡೆಯಿತು, ಕಾರ್ಖಾನೆಯ ಲೆಕ್ಕದಲ್ಲಿ ಅದರ ಸಂಕೇತ 986. ಈ ಲೇಖನದಲ್ಲಿ ಬಾಕ್ಸ್‌ಸ್ಟರ್ ಎಂದರೆ ಮುಖ್ಯವಾಗಿ ಈ 986.

ಎರಡರಲ್ಲೂ ಇಬ್ಬರಿಗಷ್ಟೇ ಜಾಗ, ಮಡಚಿ ಹಿಂದಕ್ಕೆ ಸರಿಯುವ ಬಟ್ಟೆಯ ಚಾವಣಿ, ಹಿಂದಿನ ಚಕ್ರಗಳನ್ನು ತಿರುಗಿಸುವ ಎಂಜಿನ್. ತೂಕ 1,250 ಕಿಲೋಗ್ರಾಂ ಆಸುಪಾಸು. ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ ಒಂದರಲ್ಲಿ 2,400 ಮಿಲಿಮೀಟರ್, ಇನ್ನೊಂದರಲ್ಲಿ 2,415. ಆರಂಭದ ಮಾದರಿಗಳ ಟೈರಿನ ಅಳತೆಯೂ ಒಂದೇ: 16 ಇಂಚಿನ ರಿಮ್ಮಿನ ಮೇಲೆ ಮುಂದೆ 205/55, ಹಿಂದೆ 225/50. ಅಳತೆಪಟ್ಟಿ ಓದಿದವರು ಅಣ್ಣತಮ್ಮಂದಿರೆಂದು ತಿಳಿದಾರು. ಓಡಿಸಿದವರು ಹಾಗೆ ಹೇಳುವುದಿಲ್ಲ. ಎಂಜಿನ್ ಎಲ್ಲಿ ಕೂತಿದೆ, ಅದರ ಶಕ್ತಿ ಯಾವಾಗ ಹೊರಬರುತ್ತದೆ ಎಂಬ ಎರಡೇ ಸಂಗತಿಗಳು ಇವನ್ನು ಬೇರೆ ಬೇರೆ ಸ್ವಭಾವದ ವಾಹನಗಳನ್ನಾಗಿ ಮಾಡಿವೆ.

ಹಿನ್ನೆಲೆ

ಎಂಜಿ, ಟ್ರಯಂಫ್, ಲೋಟಸ್ ಮೊದಲಾದ ಬ್ರಿಟಿಷ್ ಹೆಸರುಗಳೊಂದಿಗೆ ಬೆಳೆದ ಹಗುರ ರೋಡ್‌ಸ್ಟರ್‌ಗಳ ಕಾಲ ಮುಗಿಯಿತೆಂದು ಎಲ್ಲರೂ ಕೈಬಿಟ್ಟಿದ್ದಾಗ, 1989ರಲ್ಲಿ ಮಾಜ್ದಾ ಎಂಎಕ್ಸ್-5 ಬಂದು ಆ ಮಾರುಕಟ್ಟೆಗೆ ಮತ್ತೆ ಜೀವ ಕೊಟ್ಟಿತು. ಬಿಎಂಡಬ್ಲ್ಯು ಜ಼ಡ್3, ಮರ್ಸಿಡಿಸ್ ಎಸ್‌ಎಲ್‌ಕೆ, ಆಡಿ ಟಿಟಿ ಎಲ್ಲವೂ ಅದರ ಬೆನ್ನಿಗೇ ಬಂದವು.

ತೊಂಬತ್ತರ ದಶಕದ ಆರಂಭದಲ್ಲಿ ಪೋರ್ಷೆ ಕಂಪನಿಯ ಸ್ಥಿತಿ ಚೆನ್ನಾಗಿರಲಿಲ್ಲ. 1993ರ ಜನವರಿಯಲ್ಲಿ ಡೆಟ್ರಾಯಿಟ್ ಪ್ರದರ್ಶನದಲ್ಲಿಟ್ಟ ಬಾಕ್ಸ್‌ಸ್ಟರ್ ಮಾದರಿಗೆ ಸಿಕ್ಕ ಸ್ವಾಗತ ಅದಕ್ಕೆ ಧೈರ್ಯ ತಂದಿತು. ಬಾಕ್ಸರ್ ಎಂಜಿನ್, ರೋಡ್‌ಸ್ಟರ್ ದೇಹ, ಎರಡು ಪದ ಕೂಡಿ ಒಂದು ಹೆಸರು. ಖರ್ಚು ಉಳಿಸಲು ಕಾರಿನ ಮುಂಭಾಗವನ್ನು ಪೋರ್ಷೆಯದೇ ಹೊಸ 911 ಕಾರಿನೊಂದಿಗೆ ಹಂಚಿಕೊಂಡರು. ಟೊಯೊಟಾದ ಪದ್ಧತಿಯಲ್ಲಿ ಪಳಗಿದ ಜಪಾನಿ ತಜ್ಞರನ್ನು ಕರೆಸಿ ಕಾರ್ಖಾನೆಯ ಕೆಲಸವನ್ನೇ ತಿದ್ದಿಸಿಕೊಂಡರು. ಬೇಡಿಕೆ ಏರಿದಾಗ ಸ್ಟುಟ್‌ಗಾರ್ಟಿನ ಕಾರ್ಖಾನೆ ಸಾಲದೆ ಫಿನ್ಲೆಂಡಿನ ಊಸಿಕೌಪುಂಕಿಯಲ್ಲೂ ಕಾರು ಜೋಡಿಸಬೇಕಾಯಿತು.

ಹೋಂಡಾಕ್ಕೆ ಇಂಥ ಒತ್ತಡ ಇರಲಿಲ್ಲ. 1948ರಲ್ಲಿ ಹುಟ್ಟಿದ ಕಂಪನಿ ತನ್ನ ಐವತ್ತು ತುಂಬಿದ ಸಂಭ್ರಮಕ್ಕೆ ತಾನೇ ಮಾಡಿಕೊಂಡ ಉಡುಗೊರೆ ಎಸ್2000. ಅರವತ್ತರ ದಶಕದ ಎಸ್500, ಎಸ್600, ಎಸ್800 ಕಾರುಗಳ ಸಾಲಿನಲ್ಲಿ ಇದರ ಹೆಸರು; 2000 ಎಂಬುದು ಎಂಜಿನ್ನಿನ ಗಾತ್ರ. ಹೋಂಡಾದ ಎನ್‌ಎಸ್‌ಎಕ್ಸ್ ಕಾರನ್ನು ರೂಪಿಸಿದ ಶಿಗೆರು ಉಏಹರಾ ಅವರೇ ಇದರ ಮುಖ್ಯ ಎಂಜಿನಿಯರ್.

ಭಾರ ಎಲ್ಲಿದೆ

ಎತ್ತಿನ ಗಾಡಿಗೆ ಹೇರು ಹಾಕುವವರು ಮುಂಭಾರ, ಹಿಂಭಾರ ಎರಡನ್ನೂ ನೋಡುತ್ತಾರೆ. ಮುಂಭಾರವಾದರೆ ಎತ್ತಿನ ಹೆಗಲಿಗೆ ಕಷ್ಟ, ಹಿಂಭಾರವಾದರೆ ನೊಗ ಮೇಲೇಳುತ್ತದೆ. ಕಾರಿನಲ್ಲೂ ಹೆಚ್ಚು ಕಡಿಮೆ ಇದೇ ಲೆಕ್ಕ. ಅದರ ಜೊತೆ ಇನ್ನೊಂದೂ ಇದೆ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದವರು ಥಟ್ಟನೆ ತಿರುಗಬಲ್ಲರು. ಎರಡು ಬಿಂದಿಗೆಗಳನ್ನು ಎರಡೂ ಕೈ ಚಾಚಿ ಹಿಡಿದವರಿಗೆ ತಿರುಗುವುದೂ ತಡ, ತಿರುಗಲು ಶುರುವಾದ ಮೇಲೆ ನಿಲ್ಲುವುದೂ ತಡ. ಭಾರ ವಾಹನದ ನಡುವಿಗೆ ಹತ್ತಿರವಿದ್ದಷ್ಟೂ ಅದು ಸ್ಟೀರಿಂಗ್ ಮಾತನ್ನು ಬೇಗ ಕೇಳುತ್ತದೆ.

ಎರಡೂ ಕಂಪನಿಗಳು ಇದನ್ನು ಬಲ್ಲವು. ಉತ್ತರ ಮಾತ್ರ ಬೇರೆ ಬೇರೆ. ಹೋಂಡಾ ಎಂಜಿನ್ನನ್ನು ಬಾನೆಟ್ಟಿನ ಕೆಳಗೇ ಇಟ್ಟಿತು, ಆದರೆ ಮುಂದಿನ ಅಚ್ಚಿಗಿಂತ ಪೂರ್ತಿ ಹಿಂದಕ್ಕೆ ಸರಿಸಿ. ಹಾಗಾಗಿ ಮುಂದೆ ಅರ್ಧ, ಹಿಂದೆ ಅರ್ಧ ಎಂದು ತೂಕ ಹಂಚಿಹೋಗಿದೆ. ಪೋರ್ಷೆ ಎಂಜಿನ್ನನ್ನು ಆಸನಗಳ ಬೆನ್ನಿಗೆ, ಹಿಂದಿನ ಅಚ್ಚಿನ ಮುಂದಕ್ಕೆ ಇಟ್ಟಿತು. ಅದರ ಆರು ಸಿಲಿಂಡರುಗಳು ನಿಂತಿಲ್ಲ. ಮೂರು ಆ ಕಡೆ, ಮೂರು ಈ ಕಡೆ ಅಡ್ಡ ಮಲಗಿವೆ. ಭಾರ ನೆಲಕ್ಕೆ ಹತ್ತಿರವಾಯಿತು, ಅರ್ಧಕ್ಕಿಂತ ತುಸು ಹೆಚ್ಚು ಪಾಲು ಹಿಂದಿನ ಚಕ್ರಗಳ ಮೇಲೆ ಬಿತ್ತು. (ಈ ಏರ್ಪಾಡಿನ ತಮಾಷೆಯೆಂದರೆ ಬಾಕ್ಸ್‌ಸ್ಟರ್ ಒಡೆಯನಿಗೆ ತನ್ನ ಎಂಜಿನ್ ಕಾಣುವುದೇ ಇಲ್ಲ. ಮುಂದಿನ ಮುಚ್ಚಳ ತೆಗೆದರೂ ಸಾಮಾನಿನ ಜಾಗ, ಹಿಂದಿನದನ್ನು ತೆಗೆದರೂ ಸಾಮಾನಿನ ಜಾಗ.)

ಹಿಂಭಾರದ ಲಾಭ ಎರಡು ಕಡೆ ಕಾಣುತ್ತದೆ. ಬ್ರೇಕ್ ತುಳಿದಾಗ ಭಾರ ಮುಂದಕ್ಕೆ ವಾಲುವುದು ಸಹಜ. ಮೊದಲೇ ಹಿಂದೆ ಭಾರವಿದ್ದ ಕಾರಿನಲ್ಲಿ ಆಗ ನಾಲ್ಕೂ ಟೈರುಗಳು ಕೆಲಸ ಹಂಚಿಕೊಳ್ಳುತ್ತವೆ. ತಿರುವಿನಿಂದ ಹೊರಬರುತ್ತ ಆಕ್ಸಿಲರೇಟರ್ ಒತ್ತಿದಾಗ ಹಿಂದಿನ ಟೈರುಗಳು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತವೆ. ಬಾಕ್ಸ್‌ಸ್ಟರ್ ಸಾಮಾನ್ಯ ಡಿಫರೆನ್ಷಿಯಲ್ (ಎರಡು ಹಿಂಚಕ್ರಗಳಿಗೆ ಶಕ್ತಿ ಹಂಚುವ ಸಾಧನ) ಇಟ್ಟುಕೊಂಡೂ ಸಾಗಿದ್ದು ಇದರಿಂದ. ಎಸ್2000ಕ್ಕೆ ಆ ಅನುಕೂಲವಿಲ್ಲ. ಹಿಡಿತ ತಪ್ಪಿದ ಚಕ್ರಕ್ಕೆ ಶಕ್ತಿ ಪೋಲಾಗದಂತೆ ಟಾರ್ಸೆನ್ ಬಗೆಯ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ಲನ್ನು ಹೋಂಡಾ ಪ್ರತಿ ಕಾರಿಗೂ ಕೊಟ್ಟಿತು.

ಶಕ್ತಿ ಯಾವಾಗ ಬರುತ್ತದೆ

ಎಸ್2000ದ ಎಂಜಿನ್ 1,997 ಘನ ಸೆಂಟಿಮೀಟರಿನದು, ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ. ಜಪಾನಿನಲ್ಲಿ 250 ಅಶ್ವಶಕ್ತಿ, ಬೇರೆ ದೇಶಗಳಲ್ಲಿ 240. ಲೀಟರಿಗೆ 120 ದಾಟುವ ಈ ಲೆಕ್ಕ ಆ ಕಾಲಕ್ಕೆ ಬೆರಗಿನದು. ಇಷ್ಟು ಶಕ್ತಿ ಬಂದದ್ದು ವೇಗದಿಂದ. ನಿಮಿಷಕ್ಕೆ 9,000 ಸುತ್ತಿನವರೆಗೆ ಎಂಜಿನ್ ಏರುತ್ತದೆ, ಗರಿಷ್ಠ ಶಕ್ತಿ 8,300ರಲ್ಲಿ. ಪಿಸ್ಟನ್ನಿನ ಓಟ 84 ಮಿಲಿಮೀಟರ್. 9,000 ಸುತ್ತಿನಲ್ಲಿ ಅದು ಸೆಕೆಂಡಿಗೆ ಸರಾಸರಿ 25 ಮೀಟರಿನಷ್ಟು ದೂರ ಮೇಲೆ ಕೆಳಗೆ ಓಡಾಡಬೇಕು. ಪಂದ್ಯದ ಎಂಜಿನ್ನುಗಳಿಗೆ ಒಪ್ಪುವ ಈ ವೇಗವನ್ನು ತರಕಾರಿ ತರಲು ಹೋಗುವ ಕಾರಿಗೆ ಹೋಂಡಾ ಕೊಟ್ಟಿತು.

ಇದರ ಬೆಲೆಯನ್ನು ಚಾಲಕ ತೆರುತ್ತಾನೆ. ವಿಟೆಕ್ ಎಂಬ ಏರ್ಪಾಡಿನಲ್ಲಿ ಎಂಜಿನ್ ಕವಾಟಗಳಿಗೆ ಎರಡು ಬಗೆಯ ಕ್ಯಾಮ್ ಇವೆ. ಸುಮಾರು 6,000 ಸುತ್ತಿನ ಕೆಳಗೆ ಸಾಧು ಕ್ಯಾಮ್, ಮೇಲೆ ಹೆಚ್ಚು ಹೊತ್ತು, ಹೆಚ್ಚು ಎತ್ತರಕ್ಕೆ ಕವಾಟ ತೆರೆಯುವ ಕ್ಯಾಮ್. ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಗರಿಷ್ಠ 208 ನ್ಯೂಟನ್ ಮೀಟರ್, ಅದೂ 7,500 ಸುತ್ತಿನಲ್ಲಿ. ಕೆಳಗಿನ ಸುತ್ತುಗಳಲ್ಲಿ ಕಾರು ಸಾಮಾನ್ಯ ಸೆಡಾನಿನಂತೆ ಸಪ್ಪೆ. 6,000 ದಾಟಿದ ಕ್ಷಣ ಸದ್ದೂ ಬದಲು, ಓಟವೂ ಬದಲು. ಮುಂದೆ ಹೋಗುತ್ತಿರುವ ಲಾರಿಯನ್ನು ದಾಟಬೇಕೆಂದರೆ ಎಸ್2000 ಚಾಲಕ ಒಂದಲ್ಲ, ಎರಡು ಗೇರ್ ಇಳಿಸಬೇಕು.

ಬಾಕ್ಸ್‌ಸ್ಟರ್ ಮೊದಲಿಗೆ 2.5 ಲೀಟರ್, 204 ಅಶ್ವಶಕ್ತಿಯೊಂದಿಗೆ ಬಂತು. ಅದಕ್ಕಿಂತ ಗಟ್ಟಿ ಎಂಜಿನ್ ಬೇಕಿತ್ತೆಂಬ ಮಾತು ಸುಳ್ಳಲ್ಲ. 2000ದ ಮಾದರಿಗೆ ಅದು 2.7 ಲೀಟರ್, 220 ಅಶ್ವಶಕ್ತಿಯಾಯಿತು, ಜೊತೆಗೆ 3.2 ಲೀಟರಿನ, 252 ಅಶ್ವಶಕ್ತಿಯ ಬಾಕ್ಸ್‌ಸ್ಟರ್ ಎಸ್ ಸೇರಿತು. ಎಸ್2000ದ ನಿಜವಾದ ಎದುರಾಳಿ ಈ ಎಸ್. ಶಕ್ತಿ ಹೆಚ್ಚುಕಡಿಮೆ ಒಂದೇ, ಆದರೆ ಟಾರ್ಕ್ 305 ನ್ಯೂಟನ್ ಮೀಟರ್, 4,500 ಸುತ್ತಿಗೇ ಕೈಗೆ ಸಿಗುತ್ತದೆ. ಮೂರನೇ ಗೇರಿನಲ್ಲಿಟ್ಟು ಒಂದು ಇಡೀ ಘಾಟಿ ಹತ್ತಿಸಬಹುದು. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ಬಾಕ್ಸ್‌ಸ್ಟರ್ ಎಸ್‌ಗೆ 5.9 ಸೆಕೆಂಡ್, ಎಸ್2000ಕ್ಕೆ 6.2 ಎಂದು ಕಂಪನಿಗಳ ಲೆಕ್ಕ. ಈ ಅಂತರ ಸಣ್ಣದು. ದಿನನಿತ್ಯದ ರಸ್ತೆಯಲ್ಲಿ ಕಾಲಿಗೆ ತಿಳಿಯುವ ಅಂತರ ದೊಡ್ಡದು.

ತಿರುವಿನಲ್ಲಿ

ಎಸ್2000ದ ನಾಲ್ಕೂ ಚಕ್ರಗಳಿಗೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್. ಮೇಲೊಂದು, ಕೆಳಗೊಂದು ತೋಳು ಚಕ್ರವನ್ನು ಹಿಡಿದಿರುವುದರಿಂದ ಕಾರು ವಾಲಿದರೂ ಟೈರು ನೆಲಕ್ಕೆ ಚಪ್ಪಟೆಯಾಗಿ ಕೂರುತ್ತದೆ. ಬಾಕ್ಸ್‌ಸ್ಟರ್‌ನದು ಹಿಂದೆ ಮುಂದೆ ಎರಡೂ ಕಡೆ ಮ್ಯಾಕ್‌ಫರ್ಸನ್ ಸ್ಟ್ರಟ್, ಸಾಮಾನ್ಯ ಕಾರುಗಳಲ್ಲೂ ಇರುವ ಸರಳ ಜೋಡಣೆ. ಪುಸ್ತಕದ ಪ್ರಕಾರ ಹೋಂಡಾದ್ದೇ ಮೇಲು. ರಸ್ತೆಗಿಳಿದರೆ ತೀರ್ಪು ಅಷ್ಟು ಸುಲಭವಲ್ಲ, ಏಕೆಂದರೆ ಮೊದಲ ಎಸ್2000, ಅಂದರೆ ಎಪಿ1 ಎಂಬ ಸಂಕೇತದ ಕಾರು, ಹಿಂಬದಿಯಲ್ಲಿ ಒಂದು ಗುಟ್ಟನ್ನು ಇಟ್ಟುಕೊಂಡಿತ್ತು.

ಆ ಸಸ್ಪೆನ್ಷನ್ ಕೆಳಗೆ ಒತ್ತಿದಂತೆ ಹಿಂದಿನ ಚಕ್ರಗಳ ಮುಂದಂಚು ಒಳಕ್ಕೆ ತಿರುಗುತ್ತದೆ, ಬಿಟ್ಟಂತೆ ಹೊರಕ್ಕೆ ಬರುತ್ತದೆ. ತಿರುವಿನ ಒಳಗೆ ಆಕ್ಸಿಲರೇಟರ್ ಮೇಲೆ ಕಾಲಿಟ್ಟುಕೊಂಡೇ ಇದ್ದರೆ ಕಾರು ಹಳಿಯ ಮೇಲೆ ಹೋದಂತೆ. ಹೆದರಿ ಥಟ್ಟನೆ ಕಾಲು ತೆಗೆದರೆ ಭಾರ ಮುಂದಕ್ಕೆ ಹೋಗಿ ಹಿಂಭಾಗ ಹಗುರಾಗುತ್ತದೆ, ಹೊರಗಿನ ಹಿಂಚಕ್ರದ ಕೋನ ಅದೇ ಕ್ಷಣ ಬದಲಾಗುತ್ತದೆ. ಬಾಲ ಬೀಸುತ್ತದೆ. ರಸ್ತೆ ಉಬ್ಬುತಗ್ಗಾಗಿದ್ದರೂ ಇದೇ ಪಾಡು, ಒದ್ದೆಯಾಗಿದ್ದರೆ ಹೇಳುವುದೇ ಬೇಡ. ಜಾರುವ ಕಾರನ್ನು ಹಿಡಿತಕ್ಕೆ ತರಲು ಆರಂಭದ ಕಾರುಗಳಲ್ಲಿ ಸ್ಟೆಬಿಲಿಟಿ ಕಂಟ್ರೋಲ್ ಇರಲಿಲ್ಲ. ನುರಿತವರು ಇದನ್ನೇ ಕಾರಿನ ಚುರುಕು ಎಂದು ಕೊಂಡಾಡಿದರು; ಅನುಭವವಿಲ್ಲದ ಕೆಲವರು ಕಾರಿನ ಹಿಂಭಾಗವನ್ನು ತಡೆಗೋಡೆಗೆ ಅರ್ಪಿಸಿದರು.

ಬಾಕ್ಸ್‌ಸ್ಟರ್ ಹೀಗೆ ಬೆಚ್ಚಿಬೀಳಿಸುವುದಿಲ್ಲ. ನಡುವೆ ಎಂಜಿನ್ ಇರುವ ಕಾರು ಒಮ್ಮೆ ಸುತ್ತಲು ಶುರುವಾದರೆ ಬಲು ಬೇಗ ಸುತ್ತುತ್ತದೆ ಎಂಬುದು ನಿಜ. ಅದಕ್ಕೇ ಪೋರ್ಷೆ ಎಂಜಿನಿಯರುಗಳು ಮಿತಿಗೆ ಹತ್ತಿರ ಬಂದಾಗ ಮೊದಲು ಮುಂದಿನ ಟೈರುಗಳೇ ತುಸು ಜಾರುವಂತೆ, ಮೂತಿ ತಿರುವಿನ ಹೊರಗೆ ಸರಿಯುವಂತೆ ಹೊಂದಿಸಿದರು. ಅಂಡರ್‌ಸ್ಟೀರ್ ಎನ್ನುವುದು ಇದನ್ನೇ. ಚಾಲಕ ಕಾಲು ಸಡಿಲಿಸಿದರೆ ಮೂತಿ ಮೆಲ್ಲನೆ ಒಳಕ್ಕೆ ಬರುತ್ತದೆ. ತಪ್ಪು ಮಾಡಿದವನಿಗೂ ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಹದಗೆಟ್ಟ ರಸ್ತೆಯನ್ನು ನುಂಗಿಕೊಂಡು ಹೋಗುವುದರಲ್ಲೂ ಬಾಕ್ಸ್‌ಸ್ಟರ್ ಮುಂದು. ಎಸ್2000 ಅಲ್ಲಿ ಚಡಪಡಿಸುತ್ತದೆ.

ಅಪರಿಚಿತ ಬೆಟ್ಟದ ದಾರಿಯಲ್ಲಿ ಮಳೆ ಬರುತ್ತಿದ್ದರೆ ಸಾಮಾನ್ಯ ಚಾಲಕ ಬಾಕ್ಸ್‌ಸ್ಟರ್‌ನಲ್ಲೇ ಬೇಗ ಊರು ಸೇರುತ್ತಾನೆ. ಒಣಗಿದ, ನುಣುಪಾದ, ಚೆನ್ನಾಗಿ ಬಲ್ಲ ರಸ್ತೆಯಾದರೆ ಕೈಕಾಲು ನುರಿತವನಿಗೆ ಎಸ್2000 ಕೊಡುವ ಖುಷಿ ಬಾಕ್ಸ್‌ಸ್ಟರ್ ಕೊಡುವುದಕ್ಕಿಂತ ಒಂದು ಕೈ ಹೆಚ್ಚೇ.

ಸ್ಟೀರಿಂಗ್, ಗೇರ್, ಬ್ರೇಕ್

ಎಸ್2000ದ ಸ್ಟೀರಿಂಗಿಗೆ ವಿದ್ಯುತ್ ಮೋಟಾರಿನ ನೆರವು, ಬಾಕ್ಸ್‌ಸ್ಟರ್‌ಗೆ ಎಣ್ಣೆಯ ಒತ್ತಡದ ನೆರವು. ಹೋಂಡಾದ ಸ್ಟೀರಿಂಗ್ ತುಂಬ ಚುರುಕು. ಈ ತುದಿಯಿಂದ ಆ ತುದಿಗೆ 2.4 ಸುತ್ತು ಸಾಕು. ಆದರೆ ಟೈರಿನ ಕೆಳಗೆ ಏನು ನಡೆಯುತ್ತಿದೆ ಎಂಬ ಸುದ್ದಿ ಅಂಗೈಗೆ ಬರುವುದು ಕಮ್ಮಿ. ಜಾರುವ ಸ್ವಭಾವದ ಕಾರಿಗೆ ಸುದ್ದಿ ಹೇಳದ ಸ್ಟೀರಿಂಗ್ ಕೊಟ್ಟದ್ದು ಹೋಂಡಾ ಮಾಡಿದ ದೊಡ್ಡ ಎಡವಟ್ಟು. ಬಾಕ್ಸ್‌ಸ್ಟರ್ ಸ್ಟೀರಿಂಗ್ ಅಷ್ಟು ಅವಸರದ್ದಲ್ಲ. ನೆಲದ ಒರಟು, ಹಿಡಿತ ಸಡಿಲಾಗುವ ಹೊತ್ತು ಎಲ್ಲವನ್ನೂ ಕೈಗೆ ಒಪ್ಪಿಸುತ್ತದೆ.

ಗೇರಿನ ವಿಷಯ ಪೂರ್ತಿ ತಿರುವುಮುರುವು. ಎಸ್2000ದಲ್ಲಿ ಗೇರ್‌ಬಾಕ್ಸ್ ಇರುವುದು ಗೇರ್ ಕೋಲಿನ ಅಡಿಯಲ್ಲೇ. ಮಣಿಕಟ್ಟು ಅಲುಗಿದರೆ ಸಾಕು, ಟಕ್ಕೆಂದು ಬೀಳುತ್ತದೆ. ಆರು ಗೇರಿನ ಈ ಪೆಟ್ಟಿಗೆಯಷ್ಟು ಚೆಂದದ್ದು ಬೆಲೆ ಎರಡರಷ್ಟಿದ್ದ ಕಾರುಗಳಲ್ಲೂ ಅಪರೂಪ. ಬಾಕ್ಸ್‌ಸ್ಟರ್‌ನ ಗೇರ್‌ಬಾಕ್ಸ್ ಎಂಜಿನ್ನಿನ ಹಿಂದಿದೆ. ಕೋಲಿನಿಂದ ಅಲ್ಲಿಗೆ ಕೇಬಲ್ ಎಳೆಯಬೇಕು. ಚೆನ್ನಾಗಿಯೇ ಇದೆ, ಆ ಖಚಿತತೆ ಇಲ್ಲ. ಟಿಪ್‌ಟ್ರಾನಿಕ್ ಎಂಬ ಆಟೊಮ್ಯಾಟಿಕ್ ಕೂಡ ಬಾಕ್ಸ್‌ಸ್ಟರ್‌ಗೆ ಸಿಗುತ್ತಿತ್ತು. ಎಸ್2000ವನ್ನು ಕ್ಲಚ್ ಇಲ್ಲದೆ ಹೋಂಡಾ ಎಂದೂ ಮಾರಲಿಲ್ಲ. ಬ್ರೇಕಿನಲ್ಲಿ ಪೋರ್ಷೆಯೇ ಮೇಲು.

ನಂತರದ ಬದಲಾವಣೆಗಳು

ಎಪಿ1ರ ದೂರು ಹೋಂಡಾ ಕಿವಿಗೂ ಬಿದ್ದಿತ್ತು. 2004ರ ಮಾದರಿಗೆ 17 ಇಂಚಿನ ಚಕ್ರ, ಅಗಲ ಟೈರು ಬಂದವು, ಹಿಂಚಕ್ರದ ಕೋನ ಅಷ್ಟೊಂದು ಬದಲಾಗದಂತೆ ಸಸ್ಪೆನ್ಷನ್ ತಿದ್ದಲಾಯಿತು. ಅಮೆರಿಕದ ಕಾರುಗಳಿಗೆ 2,157 ಘನ ಸೆಂಟಿಮೀಟರಿನ ಎಂಜಿನ್ ಕೊಟ್ಟರು. ಕೆಳಗಿನ ಎಳೆತ ಹೆಚ್ಚಿತು, 9,000 ಸುತ್ತಿನ ಹುಚ್ಚು 8,000ದ ಆಸುಪಾಸಿಗೆ ಇಳಿಯಿತು. ಸ್ಟೆಬಿಲಿಟಿ ಕಂಟ್ರೋಲ್ 2006ರಲ್ಲಿ ಸೇರಿತು. ಎಪಿ2 ಎಂದು ಕರೆಯುವ ಈ ಕಾರು ಓಡಿಸಲು ಸುಲಭ. ಆದರೂ ಎಪಿ1ನ್ನೇ ಹುಡುಕಿಕೊಂಡು ಹೋಗುವ ಅಭಿಮಾನಿಗಳಿದ್ದಾರೆ.

ಅಮೆರಿಕದಲ್ಲಿ 2000ದ ಸುಮಾರಿಗೆ ಎಸ್2000ದ ಬೆಲೆ 32,000 ಡಾಲರ್ ಆಸುಪಾಸು, ಬಾಕ್ಸ್‌ಸ್ಟರ್ ಎಸ್‌ನದು 50,000ದ ಹತ್ತಿರ. ಮೇಲಿನ ತೀರ್ಪುಗಳನ್ನು ಓದುವಾಗ ಈ ಅಂತರ ನೆನಪಿರಬೇಕು.

ಸುಮಾರು 1.1 ಲಕ್ಷ ಕಾರುಗಳ ನಂತರ 2009ರಲ್ಲಿ ಎಸ್2000 ನಿಂತಿತು, ಅದರ ಜಾಗಕ್ಕೆ ಹೋಂಡಾ ಇನ್ನೊಂದನ್ನು ತರಲಿಲ್ಲ. ಬಾಕ್ಸ್‌ಸ್ಟರ್ ಮುಂದುವರಿಯಿತು. 2016ರಲ್ಲಿ 718 ಎಂಬ ಹೆಸರು ಹೊತ್ತು ಅದೂ ಎರಡು ಲೀಟರಿನ ನಾಲ್ಕು ಸಿಲಿಂಡರಿಗೆ ಬಂತು, ಟರ್ಬೊ ಸಮೇತ. 2019ರಿಂದ ಕೆಲವು ಮಾದರಿಗಳಿಗೆ ಆರು ಸಿಲಿಂಡರ್ ಮರಳಿತು. 2023ರ 718 ಸ್ಪೈಡರ್ ಆರ್‌ಎಸ್ ಎಂಬ ಮಾದರಿಯ ನಾಲ್ಕು ಲೀಟರ್ ಎಂಜಿನ್ ನಿಮಿಷಕ್ಕೆ 9,000 ಸುತ್ತು ತಿರುಗುತ್ತದೆ. ಅದರಲ್ಲಿ ಕ್ಲಚ್ ಪೆಡಲ್ ಇಲ್ಲ.