ಘನಸ್ಥಿತಿ ಟೆಸ್ಲಾ ಸುರುಳಿಯ ಚಾಲಕ ಮಂಡಲ

ಘನಸ್ಥಿತಿ ಟೆಸ್ಲಾ ಸುರುಳಿಯ ಚಾಲಕ ಮಂಡಲವು ಕಿಡಿ ಅಂತರದ ಬದಲಿಗೆ ಮಾಸ್ಫೆಟ್ ಅಥವಾ ಐಜಿಬಿಟಿ ಜಾತಿಯ ಅರೆವಾಹಕ ಸ್ವಿಚ್ಚುಗಳನ್ನು ಬಳಸಿ ಟೆಸ್ಲಾ ಸುರುಳಿಗೆ ಅಧಿಕ ಆವರ್ತನದ ವಿದ್ಯುತ್ತನ್ನು ಒದಗಿಸುವ ಇಲೆಕ್ಟ್ರಾನಿಕ್ ಮಂಡಲವಾಗಿದೆ. ಸ್ವಿಚ್ಚುಗಳನ್ನು ಸುರುಳಿಯ ಅನುರಣನಕ್ಕೆ ಹೊಂದುವಂತೆ ತೆರೆದು ಮುಚ್ಚುವುದು ಇದರ ಮೊದಲ ಕೆಲಸ. ಅತಿಯಾದ ವಿದ್ಯುತ್ ಪ್ರವಾಹ, ಅತಿಯಾದ ವೋಲ್ಟೇಜ್ ಮತ್ತು ತಪ್ಪು ಸಂಕೇತಗಳಿಂದ ಅವುಗಳನ್ನು ಕಾಪಾಡುವುದು ಎರಡನೆಯದು. ಅರೆವಾಹಕ ಸ್ವಿಚ್ಚು ಮೈಕ್ರೊಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ಹಾಳಾಗಬಲ್ಲದು. ಆದ್ದರಿಂದ ರಕ್ಷಣೆಯನ್ನು ವಿನ್ಯಾಸದ ಆರಂಭದಿಂದಲೇ ಅಳವಡಿಸಬೇಕಾಗುತ್ತದೆ.

ಹಿನ್ನೆಲೆ

ನಿಕೊಲಾ ಟೆಸ್ಲಾ 1891ರಲ್ಲಿ ಅಮೆರಿಕದಲ್ಲಿ ಈ ಸುರುಳಿಯ ಮೂಲ ವಿನ್ಯಾಸಕ್ಕೆ ಪೇಟೆಂಟ್ ಪಡೆದರು. 1899ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ದೊಡ್ಡ ಪ್ರಮಾಣದ ಪ್ರಯೋಗಗಳನ್ನು ಆರಂಭಿಸಿದರು. ಆ ಕಾಲದ ಸುರುಳಿಗಳಲ್ಲಿ ಕೆಪಾಸಿಟರಿನ ಶಕ್ತಿಯನ್ನು ಕಿಡಿ ಅಂತರದ ಮೂಲಕ ಪ್ರಾಥಮಿಕ ಸುರುಳಿಗೆ ಹರಿಸಲಾಗುತ್ತಿತ್ತು. ಕಿಡಿ ಅಂತರವು ಒರಟಾದ ಸ್ವಿಚ್ಚು. ಅದು ಸದ್ದು ಮಾಡುತ್ತದೆ, ಸವೆಯುತ್ತದೆ, ಆದರೆ ಅತಿಯಾದ ಹೊರೆಯನ್ನು ತಾಳಿಕೊಳ್ಳುತ್ತದೆ. ಅರೆವಾಹಕ ಸ್ವಿಚ್ಚು ನಿಖರವೂ ನಿಶ್ಶಬ್ದವೂ ಆಗಿದ್ದರೂ ಅದಕ್ಕೆ ಈ ತಾಳಿಕೆಯಿಲ್ಲ. ಚಾಲಕ ಮಂಡಲದ ವಿನ್ಯಾಸದ ಬಹುತೇಕ ತೊಡಕುಗಳು ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಕರ್ನಾಟಕದ ಕರಾವಳಿಯಲ್ಲಿ ಪವರ್ ಇಲೆಕ್ಟ್ರಾನಿಕ್ಸ್ ವಿಷಯವು ತಾಂತ್ರಿಕ ಕಾಲೇಜುಗಳ ಪಠ್ಯದ ಭಾಗವಾಗಿದೆ. 1957ರಲ್ಲಿ ಸ್ಥಾಪನೆಯಾದ ಮಣಿಪಾಲ ತಾಂತ್ರಿಕ ವಿದ್ಯಾಲಯ ಹಾಗೂ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ 1986ರಲ್ಲಿ ಆರಂಭವಾದ ಎನ್‌ಎಂಎಎಂ ತಾಂತ್ರಿಕ ವಿದ್ಯಾಲಯ ಉಡುಪಿ ಜಿಲ್ಲೆಯ ಇಂತಹ ಸಂಸ್ಥೆಗಳು. ಈ ವಿಷಯದಲ್ಲಿ ಕಲಿಸಲಾಗುವ ಹಾಫ್ ಬ್ರಿಡ್ಜ್, ಗೇಟ್ ಚಾಲನೆ, ಅನುರಣನ ಇನ್ವರ್ಟರ್ ಮುಂತಾದ ತತ್ತ್ವಗಳೇ ಟೆಸ್ಲಾ ಸುರುಳಿಯ ಚಾಲಕದಲ್ಲಿಯೂ ಬಳಕೆಯಾಗುತ್ತವೆ. ಅಡುಗೆಮನೆಯ ಇಂಡಕ್ಷನ್ ಒಲೆಯ ಒಳಗಿರುವ ಇನ್ವರ್ಟರ್ ಕೂಡ ಇದರ ಹತ್ತಿರದ ಬಂಧುವೇ.

ರಚನೆ

ಚಾಲಕ ಮಂಡಲದಲ್ಲಿ ಸಾಮಾನ್ಯವಾಗಿ ಐದು ಭಾಗಗಳಿರುತ್ತವೆ.

• ವಿದ್ಯುತ್ ಮೂಲ: 230 ವೋಲ್ಟ್, 50 ಹರ್ಟ್ಸ್ ಪೂರೈಕೆಯನ್ನು ಡಯೋಡ್ ಸೇತುವೆಯಿಂದ ಏಕಮುಖವಾಗಿಸಿದಾಗ ಸುಮಾರು 325 ವೋಲ್ಟ್ ದೊರೆಯುತ್ತದೆ. ಪೂರೈಕೆ ಶೇ. 10ರಷ್ಟು ಏರಿದರೆ ಇದು 358 ವೋಲ್ಟ್ ಆಗುತ್ತದೆ.
• ಸ್ವಿಚ್ಚುಗಳ ಸೇತುವೆ: ಎರಡು ಸ್ವಿಚ್ಚುಗಳ ಹಾಫ್ ಬ್ರಿಡ್ಜ್ ಅಥವಾ ನಾಲ್ಕು ಸ್ವಿಚ್ಚುಗಳ ಫುಲ್ ಬ್ರಿಡ್ಜ್. ಹಾಫ್ ಬ್ರಿಡ್ಜ್‌ನಲ್ಲಿ ಪ್ರಾಥಮಿಕ ಸುರುಳಿಗೆ ಏಕಮುಖ ವೋಲ್ಟೇಜಿನ ಅರ್ಧ ಮಾತ್ರ ಸಿಗುತ್ತದೆ.
• ಗೇಟ್ ಚಾಲಕ: ಸ್ವಿಚ್ಚುಗಳ ಗೇಟಿಗೆ ಕ್ಷಿಪ್ರವಾಗಿ ವಿದ್ಯುದಾವೇಶ ತುಂಬಿ ತೆಗೆಯುವ ಭಾಗ.
• ಹಿಮ್ಮಾಹಿತಿ: ದ್ವಿತೀಯ ಸುರುಳಿಯ ಆಂದೋಲನವನ್ನು ಗ್ರಹಿಸಿ ಸ್ವಿಚ್ಚುಗಳ ಕಾಲವನ್ನು ನಿರ್ಧರಿಸುವ ಭಾಗ.
• ಇಂಟರಪ್ಟರ್: ಚಾಲನೆಯನ್ನು ಸಣ್ಣ ಸಣ್ಣ ಕಂತುಗಳಾಗಿ ತುಂಡರಿಸುವ ಭಾಗ.

ಆವರ್ತನದ ಲೆಕ್ಕ

90 ಮಿಲಿಮೀಟರ್ ವ್ಯಾಸದ ಕೊಳವೆಯ ಮೇಲೆ 360 ಮಿಲಿಮೀಟರ್ ಎತ್ತರಕ್ಕೆ 1,300 ಸುತ್ತು ತಂತಿ ಸುತ್ತಿದರೆ ಅದರ ಪ್ರೇರಕತ್ವ ಸುಮಾರು 33.6 ಮಿಲಿಹೆನ್ರಿ ಆಗುತ್ತದೆ. ಸುರುಳಿಯ ಸ್ವಂತ ಧಾರಕತೆ ಮತ್ತು ತುದಿಯ ಲೋಹದ ಬಳೆಯ ಧಾರಕತೆ ಸೇರಿ 12 ಪಿಕೊಫ್ಯಾರಡ್ ಎಂದುಕೊಂಡರೆ ಅನುರಣನ ಆವರ್ತನ ಸುಮಾರು 250 ಕಿಲೋಹರ್ಟ್ಸ್. ಒಂದು ಆವರ್ತಕ್ಕೆ 4 ಮೈಕ್ರೊಸೆಕೆಂಡ್. ಪ್ರತಿ ಸ್ವಿಚ್ಚಿಗೆ ದೊರೆಯುವುದು ಅದರ ಅರ್ಧ.

ಸುರುಳಿಯ ತುದಿಯಿಂದ ಮಿಂಚಿನ ಎಳೆ ಹೊರಟಾಗ ಆ ಎಳೆಯೂ ಧಾರಕತೆಯನ್ನು ಸೇರಿಸುತ್ತದೆ. ಕೇವಲ 1 ಪಿಕೊಫ್ಯಾರಡ್ ಹೆಚ್ಚಿದರೂ ಆವರ್ತನ 241 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಸ್ಥಿರ ಆವರ್ತನದ ಆಂದೋಲಕದಿಂದ ಚಾಲನೆ ನೀಡಿದರೆ ಕಿಡಿ ಮೂಡಿದ ಕ್ಷಣವೇ ಹೊಂದಾಣಿಕೆ ತಪ್ಪುತ್ತದೆ. ಆಗ ಸ್ವಿಚ್ಚುಗಳು ವಿದ್ಯುತ್ ಪ್ರವಾಹ ಹೆಚ್ಚಿರುವ ಕ್ಷಣದಲ್ಲಿ ತೆರೆದುಕೊಂಡು ಬಿಸಿಯಾಗುತ್ತವೆ. ಆದಕಾರಣ ಹಿಮ್ಮಾಹಿತಿಯೇ ಮೊದಲ ರಕ್ಷಣೆ ಎನ್ನಬಹುದು. ಇದನ್ನು ಸಣ್ಣ ಆಂಟೆನಾದಿಂದ ಅಥವಾ ದ್ವಿತೀಯ ಸುರುಳಿಯ ಬುಡದಲ್ಲಿಟ್ಟ ಕರೆಂಟ್ ಟ್ರಾನ್ಸ್‌ಫಾರ್ಮರಿನಿಂದ ಪಡೆದು ಷ್ಮಿಟ್ ಟ್ರಿಗರ್ ದ್ವಾರದ ಮೂಲಕ ಚೌಕ ಅಲೆಯಾಗಿ ಪರಿವರ್ತಿಸಲಾಗುತ್ತದೆ. ಆಂಟೆನಾಕ್ಕೆ ಕಿಡಿ ತಗುಲುವ ಸಂಭವವಿರುವುದರಿಂದ ಈ ದ್ವಾರದ ಮುಂದೆ 5 ವೋಲ್ಟ್ ಮತ್ತು ಶೂನ್ಯ ರೇಖೆಗಳಿಗೆ ಕಟ್ಟಿದ ಎರಡು ವೇಗದ ಡಯೋಡ್‌ಗಳು ಇರಲೇಬೇಕು.

ಗೇಟ್ ಚಾಲನೆ

ಹವ್ಯಾಸಿಗಳು ಹೆಚ್ಚಾಗಿ ಬಳಸುವ ಐಆರ್‌ಎಫ್‌ಪಿ460 ಮಾಸ್ಫೆಟ್ 500 ವೋಲ್ಟ್ ಮತ್ತು 20 ಆಂಪಿಯರ್ ಮಿತಿಯದು. ಅದರ ಗೇಟಿಗೆ 210 ನ್ಯಾನೊಕೂಲಂವರೆಗೆ ವಿದ್ಯುದಾವೇಶ ಬೇಕಾಗುತ್ತದೆ. ಇದನ್ನು 100 ನ್ಯಾನೊಸೆಕೆಂಡಿನಲ್ಲಿ ತುಂಬಲು ಸರಾಸರಿ 2.1 ಆಂಪಿಯರ್ ಹರಿಯಬೇಕು. ಸಾಮಾನ್ಯ ತರ್ಕ ಚಿಪ್ ಇಷ್ಟನ್ನು ಕೊಡಲಾರದು. ಆದ್ದರಿಂದ ವಿಶೇಷ ಗೇಟ್ ಚಾಲಕ ಚಿಪ್‌ಗಳನ್ನು ಬಳಸಲಾಗುತ್ತದೆ.

ಮೇಲಿನ ಸ್ವಿಚ್ಚಿನ ಸೋರ್ಸ್ ತುದಿಯು ನೂರಾರು ವೋಲ್ಟ್‌ಗಳ ನಡುವೆ ಜಿಗಿಯುತ್ತಿರುವುದರಿಂದ ಗೇಟ್ ಸಂಕೇತವನ್ನು ಫೆರೈಟ್ ಉಂಗುರದ ಗೇಟ್ ಟ್ರಾನ್ಸ್‌ಫಾರ್ಮರಿನ ಮೂಲಕ ಪ್ರತ್ಯೇಕಿಸಿ ಕಳಿಸಲಾಗುತ್ತದೆ. ಇದರ ಪ್ರಾಥಮಿಕ ಸುತ್ತಿಗೆ ಸರಣಿಯಾಗಿ ಒಂದು ಕೆಪಾಸಿಟರ್ ಸೇರಿಸುವುದು ವಾಡಿಕೆ. ಹಿಮ್ಮಾಹಿತಿ ನಿಂತು ಚಾಲಕದ ಹೊರಮುಖವು ಒಂದೇ ಸ್ಥಿತಿಯಲ್ಲಿ ಉಳಿದರೂ ಏಕಮುಖ ವೋಲ್ಟೇಜ್ ಈ ಕೆಪಾಸಿಟರನ್ನು ದಾಟಲಾರದು. ಪರಿಣಾಮವಾಗಿ ಎರಡೂ ಗೇಟ್‌ಗಳು ತಾವಾಗಿಯೇ ಆರುತ್ತವೆ.

ರಕ್ಷಣಾ ಹಂತಗಳು

ಗೇಟಿನ ರಕ್ಷಣೆ: ಐಆರ್‌ಎಫ್‌ಪಿ460ಯ ಗೇಟ್ ತಾಳಿಕೊಳ್ಳುವುದು 20 ವೋಲ್ಟ್ ಮಾತ್ರ. ಗೇಟ್ ಮತ್ತು ಸೋರ್ಸ್ ನಡುವೆ ಬೆನ್ನಿಗೆ ಬೆನ್ನು ಸೇರಿಸಿದ 15ರಿಂದ 18 ವೋಲ್ಟ್‌ನ ಝೀನರ್ ಡಯೋಡ್‌ಗಳನ್ನು ಗೇಟಿಗೆ ಅಂಟಿಕೊಂಡಂತೆ ಬೆಸೆಯಬೇಕು. 10 ಕಿಲೋಓಂ ರೋಧಕವೊಂದು ತಂತಿ ಕಳಚಿದಾಗಲೂ ಗೇಟನ್ನು ಶೂನ್ಯದಲ್ಲಿ ಹಿಡಿದಿಡುತ್ತದೆ.

ಕಡಿಮೆ ವೋಲ್ಟೇಜಿನ ತಡೆ: ಚಾಲಕದ 12 ವೋಲ್ಟ್ ಪೂರೈಕೆ ಕುಸಿದರೆ ಮಾಸ್ಫೆಟ್ ಪೂರ್ಣವಾಗಿ ತೆರೆಯದೆ ರೋಧಕದಂತೆ ವರ್ತಿಸಿ ಸುಡುತ್ತದೆ. ಪೂರೈಕೆಯು ಸುಮಾರು 10 ವೋಲ್ಟ್‌ಗಿಂತ ಕೆಳಗಿಳಿದರೆ ಚಾಲನೆಯನ್ನು ನಿಲ್ಲಿಸುವ ಏರ್ಪಾಡು ಅಗತ್ಯ.

ಸತ್ತ ಕಾಲ: ಒಂದೇ ಕಾಲಿನ ಎರಡು ಸ್ವಿಚ್ಚುಗಳು ಏಕಕಾಲಕ್ಕೆ ತೆರೆದರೆ ಪೂರೈಕೆಯ ಎರಡು ಧ್ರುವಗಳು ನೇರವಾಗಿ ಜೋಡಣೆಯಾಗುತ್ತವೆ. ಇದಕ್ಕೆ ಷೂಟ್ ಥ್ರೂ ಎನ್ನುತ್ತಾರೆ. ಮಂಡಲದ ಚದುರಿದ ಪ್ರೇರಕತ್ವ 100 ನ್ಯಾನೊಹೆನ್ರಿ ಇದ್ದರೆ 325 ವೋಲ್ಟ್‌ನಲ್ಲಿ ವಿದ್ಯುತ್ ಪ್ರವಾಹವು ಪ್ರತಿ ನ್ಯಾನೊಸೆಕೆಂಡಿಗೆ 3 ಆಂಪಿಯರ್‌ಗೂ ಹೆಚ್ಚು ವೇಗದಲ್ಲಿ ಏರಬಲ್ಲದು. ಯಾವ ಸಾಮಾನ್ಯ ಕಂಪಾರೇಟರ್ ಚಿಪ್ ಕೂಡ ಇದನ್ನು ಗುರುತಿಸಿ ತಡೆಯುವಷ್ಟು ಚುರುಕಲ್ಲ. ಆದ್ದರಿಂದ ಇದನ್ನು ಪತ್ತೆ ಹಚ್ಚುವುದಕ್ಕಿಂತ ಘಟಿಸದಂತೆ ನೋಡಿಕೊಳ್ಳುವುದೇ ದಾರಿ. ಗೇಟಿಗೆ 5ರಿಂದ 10 ಓಂ ರೋಧಕವನ್ನೂ ಅದಕ್ಕೆ ಸಮಾಂತರವಾಗಿ ವೇಗದ ಡಯೋಡನ್ನೂ ಇಟ್ಟರೆ ಸ್ವಿಚ್ಚು ನಿಧಾನವಾಗಿ ತೆರೆದು ಬೇಗ ಮುಚ್ಚುತ್ತದೆ. 100ರಿಂದ 200 ನ್ಯಾನೊಸೆಕೆಂಡಿನ ಬಿಡುವು ಏರ್ಪಡುತ್ತದೆ.

ಅಧಿಕ ಪ್ರವಾಹದ ತಡೆ: ಪ್ರಾಥಮಿಕ ಸುರುಳಿಯ ತಂತಿಯನ್ನು 100 ಸುತ್ತಿನ ಕರೆಂಟ್ ಟ್ರಾನ್ಸ್‌ಫಾರ್ಮರಿನ ಮೂಲಕ ಹಾಯಿಸಿದರೆ 20 ಆಂಪಿಯರ್ ಪ್ರವಾಹವು 0.2 ಆಂಪಿಯರ್ ಆಗಿ ದೊರೆಯುತ್ತದೆ. 5 ಓಂ ರೋಧಕದ ಮೇಲೆ ಅದು 1 ವೋಲ್ಟ್. ಸುಮಾರು 200 ನ್ಯಾನೊಸೆಕೆಂಡಿನಲ್ಲಿ ಪ್ರತಿಕ್ರಿಯಿಸುವ ಎಲ್‌ಎಂ311 ಕಂಪಾರೇಟರ್ ಇದನ್ನು 1 ವೋಲ್ಟ್ ಮಾನದಂಡದೊಡನೆ ಹೋಲಿಸಿ ಫ್ಲಿಪ್ ಫ್ಲಾಪನ್ನು ಪಲ್ಲಟಗೊಳಿಸುತ್ತದೆ. ಇಂಟರಪ್ಟರಿನ ಮುಂದಿನ ಕಂತಿನವರೆಗೆ ಚಾಲನೆ ನಿಂತಿರುತ್ತದೆ. ಕಿಡಿಯು ಪ್ರಾಥಮಿಕ ಸುರುಳಿಗೆ ತಗುಲಿದಾಗ ಅಥವಾ ಹೊಂದಾಣಿಕೆ ತಪ್ಪಿ ಪ್ರವಾಹ ಕ್ರಮೇಣ ಏರಿದಾಗ ಈ ತಡೆ ನೆರವಾಗುತ್ತದೆ. ಷೂಟ್ ಥ್ರೂ ಪ್ರವಾಹವು ಪ್ರಾಥಮಿಕ ಸುರುಳಿಯ ಮೂಲಕ ಹಾಯುವುದೇ ಇಲ್ಲವಾದ್ದರಿಂದ ಈ ಟ್ರಾನ್ಸ್‌ಫಾರ್ಮರಿಗೆ ಅದು ಕಾಣಿಸುವುದಿಲ್ಲ ಎಂಬುದನ್ನು ಗಮನಿಸಬೇಕು.

ವೋಲ್ಟೇಜ್ ಏರಿಕೆಯ ತಡೆ: 100 ನ್ಯಾನೊಹೆನ್ರಿ ಇರುವ ತಂತಿಯಲ್ಲಿ 20 ಆಂಪಿಯರ್ ಪ್ರವಾಹ 50 ನ್ಯಾನೊಸೆಕೆಂಡಿನಲ್ಲಿ ನಿಂತರೆ 40 ವೋಲ್ಟ್‌ನ ಚುಚ್ಚು ಹುಟ್ಟುತ್ತದೆ. ತಂತಿ ಉದ್ದವಾದಷ್ಟೂ ಈ ಚುಚ್ಚು ಬೆಳೆಯುತ್ತದೆ. ಸ್ವಿಚ್ಚುಗಳಿಗೆ ತೀರ ಹತ್ತಿರದಲ್ಲಿ ಫಿಲ್ಮ್ ಕೆಪಾಸಿಟರ್ ಇಡುವುದು, ಧನ ಮತ್ತು ಋಣ ತಾಮ್ರಪಟ್ಟಿಗಳನ್ನು ಒಂದರ ಮೇಲೊಂದು ಹೊಂದಿಸುವುದು ಇದಕ್ಕೆ ಪರಿಹಾರ.

ಅವಧಿಯ ಮಿತಿ: 500 ಮೈಕ್ರೊಸೆಕೆಂಡಿನ ಕಂತುಗಳು ಸೆಕೆಂಡಿಗೆ 100 ಬಂದರೆ ಸ್ವಿಚ್ಚು ಕೆಲಸ ಮಾಡುವುದು ಶೇ. 5ರಷ್ಟು ಕಾಲ ಮಾತ್ರ. 0.27 ಓಂ ರೋಧದ ಮಾಸ್ಫೆಟ್‌ನಲ್ಲಿ 10 ಆಂಪಿಯರ್ ಪರಿಣಾಮಿ ಪ್ರವಾಹ ಎಡೆಬಿಡದೆ ಹರಿದರೆ 27 ವಾಟ್ ಶಾಖ ಹುಟ್ಟುತ್ತದೆ, ಶೇ. 5ರಲ್ಲಿ ಅದು 1.4 ವಾಟ್‌ಗೆ ಇಳಿಯುತ್ತದೆ. ಇಂಟರಪ್ಟರಿನ ಸಂಕೇತ ಸಿಕ್ಕಿಹಾಕಿಕೊಂಡರೂ ಕಂತಿನ ಗರಿಷ್ಠ ಅವಧಿಯನ್ನು ಮಿತಿಗೊಳಿಸುವ ಸ್ವತಂತ್ರ ಮಂಡಲ ಚಾಲಕದಲ್ಲಿರಬೇಕು. ಇಂಟರಪ್ಟರನ್ನು ಕೈಯಲ್ಲಿ ಹಿಡಿಯುವುದರಿಂದ ಅದಕ್ಕೂ ಚಾಲಕಕ್ಕೂ ನಡುವೆ ಲೋಹದ ತಂತಿಯ ಬದಲು ದ್ಯುತಿತಂತು ಬಳಸುವುದು ಸುರಕ್ಷಿತ.

ಫ್ಯೂಸ್: ಫ್ಯೂಸ್ ಮಾಸ್ಫೆಟನ್ನು ಉಳಿಸುವಷ್ಟು ವೇಗವಾಗಿ ಕರಗುವುದಿಲ್ಲ. ಮಾಸ್ಫೆಟ್ ಸುಟ್ಟ ಬಳಿಕ ಬೆಂಕಿ ಹೊತ್ತದಂತೆ ತಡೆಯುವುದು ಅದರ ಕೆಲಸ.

ಕರಾವಳಿಯ ಪರಿಸರ

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆಯಾಗುತ್ತದೆ. ಕಾಪು ಕಡಲತೀರದಂತಹ ಸ್ಥಳಗಳಲ್ಲಿ ಗಾಳಿಯಲ್ಲಿ ಉಪ್ಪಿನ ಕಣಗಳೂ ಇರುತ್ತವೆ. ತೇವ ಮತ್ತು ಉಪ್ಪು ಸೇರಿ ಮುದ್ರಿತ ಫಲಕದ ಮೇಲೆ ವಿದ್ಯುತ್ ಸೋರುವ ಪದರವಾಗುತ್ತದೆ. ಅಧಿಕ ರೋಧದ ಆಂಟೆನಾ ದ್ವಾರವು ಮೊದಲು ದಾರಿ ತಪ್ಪುವುದು ಇದರಿಂದಲೇ. ಬೆಸುಗೆಯ ಫ್ಲಕ್ಸನ್ನು ತೊಳೆದು ಫಲಕಕ್ಕೆ ನಿರೋಧಕ ವಾರ್ನಿಶ್ ಬಳಿಯುವುದು, 325 ವೋಲ್ಟ್ ಗೆರೆಗಳ ನಡುವೆ ಸಾಕಷ್ಟು ಅಂತರ ಬಿಡುವುದು ಇಲ್ಲಿ ಅವಶ್ಯ.

ದ್ವಿತೀಯ ಸುರುಳಿಯ ಬುಡಕ್ಕೆ ಪ್ರತ್ಯೇಕ ಭೂಸಂಪರ್ಕ ಬೇಕು. ಮನೆಯ ವೈರಿಂಗಿನ ಅರ್ಥ್ ತಂತಿಯನ್ನು ಬಳಸಿದರೆ ಅಧಿಕ ಆವರ್ತನದ ವೋಲ್ಟೇಜ್ ಕಟ್ಟಡದ ಇತರ ಉಪಕರಣಗಳಿಗೆ ಹರಡುತ್ತದೆ. ಮಣಿಪಾಲದಂತಹ ಮುರಕಲ್ಲಿನ ದಿಬ್ಬಗಳಲ್ಲಿ ಬೇಸಗೆಯಲ್ಲಿ ನೆಲ ಒಣಗಿ ಭೂರೋಧ ಹೆಚ್ಚುತ್ತದೆ. ಅಂತಹ ಕಡೆ ಸುರುಳಿಯ ಕೆಳಗೆ ಹರಡಿದ ಲೋಹದ ಜಾಲರಿ ಪ್ರತಿಭಾರವಾಗಿ ಉಪಯುಕ್ತ. ಪಶ್ಚಿಮಘಟ್ಟದ ತಪ್ಪಲಿನ ಕಾರ್ಕಳ ಭಾಗದಲ್ಲಿ ಮುಂಗಾರು ಪೂರ್ವದ ಗುಡುಗು ಮಳೆ ಸಾಮಾನ್ಯವಾದ್ದರಿಂದ ಪೂರೈಕೆಯ ಪ್ರವೇಶದಲ್ಲಿ ಮಿಂಚಿನ ಆಘಾತ ತಡೆಯುವ ವ್ಯಾರಿಸ್ಟರ್ ಇಡಬೇಕು.

ಚೌಕ ಅಲೆಯಲ್ಲಿ ಬೆಸಸಂಖ್ಯೆಯ ಸಂಗತ ಆವರ್ತನಗಳಿರುತ್ತವೆ. ಮಂಗಳೂರು ಆಕಾಶವಾಣಿಯ ಬ್ರಹ್ಮಾವರದ ಪ್ರೇಷಕಕ್ಕೆ ಸೇರಿದ ಮಧ್ಯಮ ತರಂಗದ ಆವರ್ತನ 1089 ಕಿಲೋಹರ್ಟ್ಸ್. 363 ಕಿಲೋಹರ್ಟ್ಸ್ ಸುರುಳಿಯ ಮೂರನೆಯ ಸಂಗತವೂ 217.8 ಕಿಲೋಹರ್ಟ್ಸ್ ಸುರುಳಿಯ ಐದನೆಯ ಸಂಗತವೂ ಸರಿಯಾಗಿ ಅದರ ಮೇಲೆಯೇ ಬೀಳುತ್ತವೆ. ಪೂರೈಕೆಯ ತಂತಿಗೆ ಶೋಧಕ ಅಳವಡಿಸುವುದರ ಜೊತೆಗೆ ಇಂತಹ ಆವರ್ತನಗಳನ್ನು ವಿನ್ಯಾಸದಲ್ಲೇ ತಪ್ಪಿಸುವುದು ಲೇಸು.

ಪರೀಕ್ಷೆಯ ಕ್ರಮ

ಮೊದಲಿಗೆ ಅಧಿಕ ವೋಲ್ಟೇಜ್ ಜೋಡಿಸದೆ ಗೇಟ್ ಅಲೆಗಳನ್ನು ಆಸಿಲೊಸ್ಕೋಪಿನಲ್ಲಿ ನೋಡಿ ಬಿಡುವಿನ ಕಾಲವನ್ನು ಖಚಿತಪಡಿಸಿಕೊಳ್ಳಲಾಗುತ್ತದೆ. ನಂತರ ಪ್ರವಾಹ ಮಿತಿಯುಳ್ಳ 30 ವೋಲ್ಟ್ ಮೂಲದಿಂದ ಸೇತುವೆಯನ್ನು ನಡೆಸಲಾಗುತ್ತದೆ. ಮೂರನೆಯ ಹಂತದಲ್ಲಿ ವೇರಿಯಾಕ್ ಮೂಲಕ ವೋಲ್ಟೇಜನ್ನು ಹಂತಹಂತವಾಗಿ ಏರಿಸುವಾಗ 100 ವಾಟ್‌ನ ತಂತು ಬಲ್ಬನ್ನು ಸರಣಿಯಲ್ಲಿಡುವುದು ಎಲೆಕ್ಟ್ರಿಷಿಯನ್ನರಿಗೆ ಪರಿಚಿತವಾದ ಉಪಾಯ. ಸೇತುವೆ ಷಾರ್ಟ್ ಆಗಿದ್ದರೂ ಪೂರೈಕೆಯಿಂದ 0.43 ಆಂಪಿಯರ್‌ನಷ್ಟೇ ಹರಿದು ಬಲ್ಬು ಪೂರ್ತಿ ಬೆಳಗುತ್ತದೆ. ಪೂರೈಕೆಗೆ ನೇರವಾಗಿ ಜೋಡಿಸಿದ ಸೇತುವೆಗೆ ಆಸಿಲೊಸ್ಕೋಪಿನ ಭೂತುದಿಯನ್ನು ಸಿಕ್ಕಿಸುವಂತಿಲ್ಲ. ಇದಕ್ಕೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಅಥವಾ ಡಿಫರೆನ್ಷಿಯಲ್ ಪ್ರೋಬ್ ಬೇಕು.

ಸುರಕ್ಷತೆ

ಟೆಸ್ಲಾ ಸುರುಳಿಯ ಕಿಡಿಗಿಂತ ಚಾಲಕದ ಏಕಮುಖ ವೋಲ್ಟೇಜ್ ಹೆಚ್ಚು ಮಾರಕ. 325 ವೋಲ್ಟ್‌ಗೆ ತುಂಬಿದ 1,000 ಮೈಕ್ರೊಫ್ಯಾರಡ್ ಕೆಪಾಸಿಟರಿನಲ್ಲಿ ಸುಮಾರು 53 ಜೂಲ್ ಶಕ್ತಿಯಿದ್ದು, ಪ್ಲಗ್ ಕಿತ್ತ ಬಳಿಕವೂ ಉಳಿದಿರುತ್ತದೆ. 22 ಕಿಲೋಓಂ, 10 ವಾಟ್ ರೋಧಕವನ್ನು ಶಾಶ್ವತವಾಗಿ ಜೋಡಿಸಿದರೆ ವೋಲ್ಟೇಜ್ 50ಕ್ಕೆ ಇಳಿಯಲು ಸುಮಾರು 41 ಸೆಕೆಂಡ್ ಬೇಕು. ಕಾಯುವುದರ ಜೊತೆಗೆ ಮೀಟರಿನಲ್ಲಿ ಅಳೆದೇ ಮುಟ್ಟಬೇಕು. ಐಸೊಲೇಶನ್ ಟ್ರಾನ್ಸ್‌ಫಾರ್ಮರಿನ ಆಚೆಗೆ ನಡೆಯುವ ಆಘಾತವನ್ನು ಮನೆಯ ಆರ್‌ಸಿಸಿಬಿ ಗುರುತಿಸುವುದಿಲ್ಲ.

ಅಧಿಕ ಆವರ್ತನದ ವಿದ್ಯುತ್ ಚರ್ಮದ ಮೇಲಷ್ಟೇ ಹರಿಯುತ್ತದೆ, ಆದ್ದರಿಂದ ಅಪಾಯವಿಲ್ಲ ಎಂಬ ನಂಬಿಕೆ ತಪ್ಪು. 250 ಕಿಲೋಹರ್ಟ್ಸ್‌ನಲ್ಲಿ ದೇಹದ ಅಂಗಾಂಶದೊಳಗೆ ವಿದ್ಯುತ್ ಇಳಿಯಬಲ್ಲ ಆಳ ಒಂದು ಮೀಟರ್‌ಗೂ ಹೆಚ್ಚು. ನರಗಳಿಗೆ ಆಘಾತದ ಅರಿವಾಗದಿದ್ದರೂ ಒಳಗೆ ಆಳವಾದ ಸುಟ್ಟಗಾಯ ಆಗಬಹುದು. ಪೇಸ್‌ಮೇಕರ್ ಅಳವಡಿಸಿಕೊಂಡವರು ಚಾಲನೆಯಲ್ಲಿರುವ ಸುರುಳಿಯ ಸಮೀಪ ಬರಬಾರದು. ಕಿಡಿಯಿಂದ ಓಝೋನ್ ಉತ್ಪತ್ತಿಯಾಗುವುದರಿಂದ ಕೋಣೆಯಲ್ಲಿ ಗಾಳಿಯಾಡುವಂತಿರಬೇಕು. ಒಬ್ಬರೇ ಪ್ರಯೋಗ ಮಾಡದೆ, ವಿದ್ಯುತ್ತನ್ನು ಕಡಿದುಹಾಕಬಲ್ಲ ಇನ್ನೊಬ್ಬರು ಮುಖ್ಯ ಸ್ವಿಚ್ಚಿನ ಬಳಿ ಇರುವುದು ಪ್ರಯೋಗಶಾಲೆಗಳ ಮೂಲ ನಿಯಮ.

ಇವನ್ನೂ ನೋಡಿ

• ನಿಕೊಲಾ ಟೆಸ್ಲಾ
• ಟೆಸ್ಲಾ ಸುರುಳಿ
• ಮಾಸ್ಫೆಟ್
• ಅನುರಣನ
• ಇಂಡಕ್ಷನ್ ಒಲೆ