ಟಕೇರಿಯಾ

ಮೆಕ್ಸಿಕೊದಲ್ಲಿ ಟಾಕೊ (ಮಾಂಸ ಮುಂತಾದುವನ್ನು ಹಾಕಿ ಮಡಚಿದ ರೊಟ್ಟಿ) ಮಾಡಿ ಬಡಿಸುವ ಸಣ್ಣ ಹೋಟೆಲು. ಬೀದಿಬದಿಯ ಗಾಡಿಯೂ ಮೇಜು-ಕುರ್ಚಿ ಹಾಕಿದ ಅಂಗಡಿಯೂ ಇದೇ ಹೆಸರಿನಲ್ಲಿ ನಡೆಯುತ್ತವೆ. ನಿಂತು ತಿನ್ನುವುದೇ ಹೆಚ್ಚು ವಾಡಿಕೆ.

ಎಲ್ಲದಕ್ಕೂ ಆಧಾರ ಟೋರ್ಟಿಯಾ ಎಂಬ ಅಂಗೈಯಗಲದ ರೊಟ್ಟಿ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಅದರಲ್ಲೇ ನೆನೆಯಲು ಬಿಟ್ಟು, ತೊಳೆದು ರುಬ್ಬಿದ ಹಿಟ್ಟು ಇದಕ್ಕೆ ಬೇಕು. ಸುಣ್ಣದಿಂದ ಸಿಪ್ಪೆ ಬಿಡುತ್ತದೆ, ಹಿಟ್ಟಿಗೆ ಜಿಗುಟು ಬರುತ್ತದೆ, ಕಾಳಿನಲ್ಲಿರುವ ನಯಾಸಿನ್ ಮೈಗೆ ಹತ್ತುತ್ತದೆ. ಬರೀ ಮೆಕ್ಕೆಜೋಳದ ಹಿಟ್ಟು ಕಲಸಿ ತಟ್ಟಿದರೆ ಈ ರುಚಿ ಬಾರದು.

ಮೆಕ್ಸಿಕೊ ನಗರದಲ್ಲಿ ಅತಿ ಜನಪ್ರಿಯವಾದದ್ದು 'ಅಲ್ ಪಾಸ್ತೋರ್' ಟಾಕೊ. ಇದರ ಮೂಲ ಲೆಬನಾನಿನ ವಲಸಿಗರು ತಂದ ಶವರ್ಮಾ, ಎಂದರೆ ಸರಳಿಗೆ ಚುಚ್ಚಿ ಬೇಯಿಸಿದ ಕುರಿಮಾಂಸ. ಕುರಿಯ ಜಾಗಕ್ಕೆ ಹಂದಿಮಾಂಸ ಬಂತು. ಮಸಾಲೆಗೆ ಒಣಮೆಣಸಿನಕಾಯಿ, ರಂಗುಮಾಲೆ ಬೀಜ ಸೇರಿದವು. ನೆಟ್ಟಗೆ ನಿಲ್ಲಿಸಿದ ಸರಳಿನಲ್ಲಿ ಮಾಂಸದ ಹಾಳೆಗಳು ತಿರುಗುತ್ತ ಬೇಯುತ್ತವೆ. ಟಾಕೊದವನು ಬೆಂದ ಅಂಚನ್ನು ಹೆರೆದು ರೊಟ್ಟಿಯ ಮೇಲೆ ಬೀಳಿಸಿ, ತುದಿಯಲ್ಲಿ ಚುಚ್ಚಿಟ್ಟ ಅನಾನಸ್ಸಿನ ಚೂರನ್ನು ಕತ್ತಿಯಿಂದಲೇ ಚಿಮ್ಮಿಸಿ ಹಿಡಿಯುತ್ತಾನೆ. ಕೈಚಳಕ ನೋಡಲೆಂದೇ ನಿಲ್ಲುವವರಿದ್ದಾರೆ. ಮೇಲೆ ಈರುಳ್ಳಿ, ಕೊತ್ತಂಬರಿ, ನಿಂಬೆರಸ. ಸಾಲ್ಸಾ ಎಂಬ ಚಟ್ನಿ ಅವರವರ ಖಾರಕ್ಕೆ ತಕ್ಕಂತೆ.

ಅಮೆರಿಕದ ಟಕೇರಿಯಾಗಳ ದಾರಿ ಬೇರೆ. ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯಲ್ಲಿ ಅನ್ನ, ಹುರುಳಿಕಾಯಿ ಬೀಜ, ಮಾಂಸ ತುಂಬಿ ಸುತ್ತಿದ ದೊಡ್ಡ ರೊಟ್ಟಿಯಾದ ಬುರಿಟೊಗೇ ಹೆಸರು.

1968ರಲ್ಲಿ ಆರಂಭವಾದ, ಮೆಕ್ಸಿಕೊ ನಗರದ 'ಎಲ್ ಕಲೀಫಾ ದೆ ಲಿಯೋನ್' ಟಕೇರಿಯಾ 2024ರಲ್ಲಿ ಮಿಷಲಿನ್ ಹೋಟೆಲು ಮಾರ್ಗದರ್ಶಿಯ ತಾರೆ ಪಡೆಯಿತು. ಕೂರಲು ಅಲ್ಲಿ ಆಸನವಿಲ್ಲ.