ಮುತ್ತು ಫಾರಿನ್ ಮಾಲಾ? ನಾಲೆ ದಂಡೆಯಿಂದ ಒಂದು ಹಳೇ ಲೆಕ್ಕ

ವಿ.ಸಿ. ಫಾರಂನಿಂದ ಮಾತಾಡ್ತಿದ್ದೀನಿ. ಪಕ್ಕದಲ್ಲಿ ಅವ್ವ ಇದ್ರೆ ಇಯರ್‌ಫೋನ್ ಹಾಕ್ಕೊಳ್ಳಿ. ಇವತ್ತಿನ ವಿಷಯ ಮುತ್ತು.

ಕೇಳುಗರೊಬ್ಬರು ಮೆಸೇಜ್ ಹಾಕಿದ್ರು: "ಅಣ್ಣಾ, ಮುಂದಿನ ತಿಂಗಳು ನನ್ ಮದುವೆ. ಮುತ್ತು ಕೊಡೋದನ್ನ ಮೊಬೈಲ್ ನೋಡಿ ಕಲೀತಿದ್ದೀನಿ. ಇದೆಲ್ಲಾ ಫಾರಿನ್ ಸಂಸ್ಕೃತಿ ಅಂತಾರೆ ಫ್ರೆಂಡ್ಸು, ಹೌದಾ?" ನಾನು ಬಿ.ಕಾಂ. ಓದಿದವನು. ಹಳೇ ಖಾತೆ ತೆಗೆದು ನೋಡೋಣ.

ವಾತ್ಸ್ಯಾಯನನ ಕಾಮಸೂತ್ರದಲ್ಲಿ ಮುತ್ತಿಗೆ ಅಂತಲೇ ಒಂದು ಅಧ್ಯಾಯ ಇದೆ. ನೇರ, ಓರೆ, ಮುಖ ತಿರುಗಿಸಿ, ಒತ್ತಿ ಕೊಡೋದು ಅಂತ ಬಗೆಗಳನ್ನ ಹೇಳ್ತಾನೆ. ಕನ್ನಡದಲ್ಲೂ 11ನೇ ಶತಮಾನದಲ್ಲೇ ಚಂದ್ರರಾಜ 'ಮದನತಿಲಕ' ಅನ್ನೋ ಕಾಮಶಾಸ್ತ್ರ ಬರೆದಿದ್ದಾನೆ. ಅಂದ್ರೆ ನಮ್ಮೋರು ಇದನ್ನ ಶಾಸ್ತ್ರ ಅಂತಲೇ ಕೂತು ಬರೆದಿದ್ರು.

ಸಿನಿಮಾಗೆ ಬನ್ನಿ. 1933. ಮಂಡ್ಯದಲ್ಲಿ ಮೈಷುಗರ್ ಕಂಪನಿ ಹುಟ್ಟಿದ ವರ್ಷ. ಅದೇ ವರ್ಷ ಲಂಡನ್ನಲ್ಲಿ 'ಕರ್ಮ' ತೆರೆಕಂಡಿತು. ಹಾವು ಕಚ್ಚಿ ಬಿದ್ದ ರಾಜಕುಮಾರನಿಗೆ ದೇವಿಕಾ ರಾಣಿ ಮುತ್ತಿಡ್ತಾರೆ. ಆ ರಾಜಕುಮಾರ ಹಿಮಾಂಶು ರಾಯ್, ನಿಜ ಜೀವನದಲ್ಲೂ ಅವರ ಗಂಡ! ಇದೇ ಭಾರತದ ಮೊದಲ ಸಿನಿಮಾ ಮುತ್ತು ಅಂತ ವಾಟ್ಸಾಪಲ್ಲಿ ಓಡುತ್ತೆ. ಅದು ಸುಳ್ಳು ಲೆಕ್ಕ. 1929ರ ಮೂಕಿ ಚಿತ್ರ 'ಎ ಥ್ರೋ ಆಫ್ ಡೈಸ್'ನಲ್ಲೇ ಮುತ್ತು ಇತ್ತು.

ಸ್ವಾತಂತ್ರ್ಯ ಬಂದ್ಮೇಲೆ ತೆರೆ ಮೇಲೆ ಎರಡು ಹೂವು ತಾಗೋಕೆ ಶುರುವಾಯ್ತು. 1969ರಲ್ಲಿ ಖೋಸ್ಲಾ ಸಮಿತಿ, ಕಥೆಗೆ ಬೇಕಾದ್ರೆ ಮುತ್ತು ಇರಲಿ ಬಿಡಿ ಅಂತು. ಅದೇ 1969ನೇ ಸಾಲಿನ ಮೊಟ್ಟಮೊದಲ ಫಾಲ್ಕೆ ಪ್ರಶಸ್ತಿ ಬಂದಿದ್ದು ದೇವಿಕಾ ರಾಣಿಗೆ. ಅಷ್ಟೊತ್ತಿಗೆ ಅವರು ನಮ್ಮ ಕನಕಪುರ ರಸ್ತೆಯ ತಾತಗುಣಿ ತೋಟದವರು, ಚಿತ್ರಕಾರ ಸ್ವೆಟೊಸ್ಲಾವ್ ರೋರಿಕ್ ಅವರ ಹೆಂಡತಿ. 1994ರಲ್ಲಿ ಬೆಂಗಳೂರಲ್ಲೇ ತೀರಿಕೊಂಡರು.

ಮೆಸೇಜ್ ಹಾಕಿದ ತಮ್ಮಾ, ಫಾರಿನ್ ಮಾಲಲ್ಲ ಇದು. ಆದ್ರೆ ವಾತ್ಸ್ಯಾಯನ ಇನ್ನೊಂದು ಮಾತು ಹೇಳ್ತಾನೆ, ವಿಡಿಯೋದಲ್ಲಿ ಸಿಗಲ್ಲ. ಹೊಸದಾಗಿ ಮದುವೆಯಾದವನು ಮೊದಲ ಮೂರು ರಾತ್ರಿ ತಡ್ಕೋಬೇಕು. ಆಮೇಲೂ ಮಾತಾಡಿ ಮೊದಲು ನಂಬಿಕೆ ಗಳಿಸಬೇಕು. ಬಲವಂತ ಮಾಡಿದ್ರೆ ಅವಳಿಗೆ ದ್ವೇಷ ಹುಟ್ಟುತ್ತೆ ಅಂತಾನೆ. ಅಷ್ಟು ಹಳೇ ಕಾಲದವನಿಗೇ ಗೊತ್ತಿತ್ತು.

ಫೋನ್ ಪಕ್ಕಕ್ಕಿಟ್ಟು, ಹುಡುಗೀನ ಕೇಳಪ್ಪಾ. ಬೇಡ ಅಂದ್ರೆ ಬೇಡ. ಹ್ಞೂಂ ಅಂದ್ರೆ ನಿಧಾನ. ಮುಂದಿನ ವಾರ ಸಿಗೋಣ.